ಜೀಜೀ ಗಿಡದ ಎಲೆ ಹಳದಿಯಾಗುವುದೇಕೆ?

ಪ್ರಶ್ನೆ: ನಮ್ಮ ಫ್ಲ್ಯಾಟಿನ ಹಜಾರದಲ್ಲಿಟ್ಟಿರುವ ಜೀಜೀ (ZZ) ಗಿಡ ಬೇಸಿಗೆಯಲ್ಲಿ ಚೆನ್ನಾಗಿತ್ತು. ಮಳೆಗಾಲ ಶುರುವಾದ ಮೇಲೆ ಎಲೆಗಳು ಹಳದಿಯಾಗುತ್ತಿವೆ, ಎರಡು ದಂಟುಗಳು ಬುಡದಲ್ಲಿ ಮೆತ್ತಗಾಗಿ ಬಾಗಿವೆ. ದಿನ ಬಿಟ್ಟು ದಿನ ತಪ್ಪದೆ ನೀರು ಹಾಕುತ್ತಿದ್ದೇನೆ. ಗೊಬ್ಬರ ಸಾಲದೆ ಹೀಗಾಗಿದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಗೊಬ್ಬರ ಸಾಲದೆ ಅಲ್ಲ, ನೀರು ಹೆಚ್ಚಾಗಿ ಹೀಗಾಗಿದೆ. ಕೊಳೆಯುತ್ತಿರುವ ಬೇರಿಗೆ ಗೊಬ್ಬರ ಇನ್ನಷ್ಟು ಹಾನಿ ಮಾಡುವುದರಿಂದ ಈಗ ದಯವಿಟ್ಟು ಹಾಕಬೇಡಿ. ಕೀನ್ಯಾದಿಂದ ದಕ್ಷಿಣ ಆಫ್ರಿಕಾದವರೆಗೆ, ಮಳೆಯಿಲ್ಲದ ತಿಂಗಳುಗಳನ್ನು ದಾಟಿ ಬದುಕಬೇಕಾದ ನೆಲದಲ್ಲಿ ಬೆಳೆಯುವ ಈ ಗಿಡ, ಮಣ್ಣಿನೊಳಗಿನ ಆಲೂಗಡ್ಡೆಯಂತಹ ಗೆಡ್ಡೆಯಲ್ಲೂ ದಂಟಿನ ದಪ್ಪನೆಯ ಬುಡದಲ್ಲೂ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಬೆಳಕು ತಗ್ಗಿ, ಗಾಳಿಯಲ್ಲಿ ತೇವ ಹೆಚ್ಚಿದಾಗ ಗಿಡ ಹೀರುವ ನೀರೂ ಮಣ್ಣಿನಿಂದ ಆರುವ ನೀರೂ ಕಡಿಮೆಯಾಗುತ್ತವೆ. ಆಗಲೂ ಬೇಸಿಗೆಯಷ್ಟೇ ನೀರು ಹಾಕಿದರೆ ಮಣ್ಣಿನ ಸಂದುಗಳಲ್ಲಿ ಗಾಳಿಗೆ ಜಾಗವಿಲ್ಲದೆ, ಉಸಿರಾಡಲಾಗದ ಬೇರುಗಳು ಕೊಳೆಯಲಾರಂಭಿಸುತ್ತವೆ.

ಗಿಡವನ್ನು ಇಂದೇ ಕುಂಡದಿಂದ ಹೊರತೆಗೆಯಿರಿ. ಮೆತ್ತಗಾದ ಬೇರು, ದಂಟು, ಗೆಡ್ಡೆಯ ಭಾಗಗಳನ್ನು ಶುಚಿಯಾದ ಚಾಕುವಿನಿಂದ ಗಟ್ಟಿಯಾದ ಬಿಳಿ ತಿರುಳು ಸಿಗುವವರೆಗೆ ಕತ್ತರಿಸಿ, ಎರಡು ಮೂರು ದಿನ ನೆರಳಿನಲ್ಲಿ ಆರಲು ಬಿಡಿ. ಬಳಿಕ ತಳದಲ್ಲಿ ತೂತಿರುವ, ಗೆಡ್ಡೆಗಿಂತ ಸ್ವಲ್ಪವೇ ದೊಡ್ಡದಾದ ಮಣ್ಣಿನ ಕುಂಡದಲ್ಲಿ, ದಪ್ಪ ಮರಳನ್ನು ಧಾರಾಳವಾಗಿ ಬೆರೆಸಿದ ಕೆಮ್ಮಣ್ಣಿಗೆ ನೆಟ್ಟು, ಒಂದು ವಾರ ನೀರು ಹಾಕದೆ ಇಡಿ. ನರ್ಸರಿಯಿಂದ ಬರುವ ಕುಂಡಗಳಲ್ಲಿ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ್ದರೆ ಅದು ನೀರನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುವುದರಿಂದ ಅದನ್ನೂ ಬದಲಿಸುವುದು ಒಳ್ಳೆಯದು. ಗೆಡ್ಡೆ ಪೂರ್ತಿ ಕೊಳೆತಿದ್ದರೂ ಗಿಡ ಉಳಿದೀತು: ಗಟ್ಟಿಯಾಗಿರುವ ಎಲೆಗಳನ್ನು ಮರಳಿನಲ್ಲಿ ಊರಿದರೆ, ಕೆಲವು ತಿಂಗಳು ಹಿಡಿದರೂ, ಬುಡದಲ್ಲಿ ಪುಟ್ಟ ಗೆಡ್ಡೆ ಕಟ್ಟುತ್ತದೆ.

ಇನ್ನು ಮುಂದೆ ದಿನದ ಲೆಕ್ಕ ಬಿಟ್ಟು ಮಣ್ಣನ್ನು ನೋಡಿ ನೀರು ಹಾಕಿ. ತೆಳುವಾದ ಮರದ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ತೆಗೆದಾಗ ಅದಕ್ಕೆ ಒದ್ದೆ ಮಣ್ಣು ಅಂಟದಿದ್ದರೆ ಮಾತ್ರ, ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಮಳೆಗಾಲದಲ್ಲಿ ಇದು ತಿಂಗಳಿಗೊಮ್ಮೆಯಷ್ಟೇ ಆದರೂ ಗಾಬರಿಯಾಗಬೇಡಿ. ಕತ್ತಲೆ ಮೂಲೆಯಲ್ಲೂ ಈ ಗಿಡ ಬದುಕುತ್ತದೆ ಎನ್ನುವುದು ನಿಜವೇ, ಆದರೆ ಅಲ್ಲಿ ಮಣ್ಣು ಆರುವುದೇ ಇಲ್ಲ. ಬಿಸಿಲು ನೇರವಾಗಿ ಬೀಳದ ಕಿಟಕಿಯ ಪಕ್ಕಕ್ಕೆ ಸರಿಸಿ. ಕೆಸುವಿನ ಕುಟುಂಬದ ಈ ಗಿಡದ ರಸ ಬಾಯಿ, ಚರ್ಮಗಳಿಗೆ ತುರಿಕೆ ತರುವುದರಿಂದ ಕತ್ತರಿಸಿದ ಮೇಲೆ ಕೈ ತೊಳೆಯುವುದನ್ನು ಮರೆಯಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಪ್ರಶ್ನೆ: ಹಳದಿ ಅಂಚಿನ ಸ್ನೇಕ್ ಪ್ಲಾಂಟಿನ ಎಲೆಯ ತುಂಡು ನೆಟ್ಟರೆ ಬರೀ ಹಸಿರು ಮರಿಗಳು ಬರುತ್ತಿವೆ, ಏಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಆ ಹಳದಿ ಅಂಚು ಎಲೆಯ ಒಂದು ಪದರದ ಬೇರೆ ಬಗೆಯ ಜೀವಕೋಶಗಳಿಂದ ಬರುವಂಥದ್ದು. ಎಲೆಯ ತುಂಡಿನಿಂದ ಹುಟ್ಟುವ ಮರಿ ಹಸಿರು ಕೋಶಗಳಿಂದ ಬೆಳೆಯುವುದರಿಂದ ಅಂಚು ಕಳೆದುಹೋಗುತ್ತದೆ. ಅಂಚು ಉಳಿಯಬೇಕಾದರೆ ತಾಯಿಗಿಡದ ಬುಡದ ಗೆಡ್ಡೆಯನ್ನೇ, ಪ್ರತಿ ತುಂಡಿನಲ್ಲೂ ಎಲೆ ಮತ್ತು ಬೇರು ಇರುವಂತೆ ಸೀಳಿ ನೆಡಿ.