ನೋವು ತೋರಿಸಿ ಹಣ ಕೇಳುವ ಜಾಹೀರಾತುಗಳನ್ನು ಜಾಲತಾಣಗಳು ತೆಗೆದುಹಾಕಬೇಕೇ?

ಮನವಿ ಇರಲಿ, ಮನಸ್ಸು ಕಲಕುವ ಚಿತ್ರವನ್ನು ತೆಗೆದುಹಾಕಲೇಬೇಕು. ಸುದ್ದಿ ಓದುತ್ತಿರುವಾಗ ಎರಡು ಸಾಲುಗಳ ನಡುವೆ, ಮೂಗಿಗೆ ನಳಿಕೆ ಹಾಕಿದ, ಮುಖ ಬಾತ ಮಗು ಧುತ್ತೆಂದು ಎದುರಾಗುತ್ತದೆ. ಮಂಗಳೂರಿನ ಯಾವುದೋ ಆಸ್ಪತ್ರೆಯಲ್ಲಿ ತನ್ನ ಮಗುವಿನ ಸ್ಕ್ಯಾನ್ ವರದಿಗೆ ಕಾಯುತ್ತಿರುವ ತಾಯಿಯ ಮೊಬೈಲಿಗೂ ಅದೇ ಬರುತ್ತದೆ. ಅದಕ್ಕಿಂತ ನನ್ನನ್ನು ಕಾಡುವುದು ಚಿತ್ರದಲ್ಲಿರುವ ಮಗು. ಒಪ್ಪಿಗೆ ಕೊಡುವ ವಯಸ್ಸೇ ಅದಕ್ಕಿಲ್ಲ. ಗುಣವಾಗಿ ಶಾಲೆಗೆ ಹೋದ ಮೇಲೂ ಚಿತ್ರ ಅಂತರ್ಜಾಲದಲ್ಲಿ ಉಳಿದಿರುತ್ತದೆ.

ಭಾರತೀಯ ಜಾಹೀರಾತು ಮಾನದಂಡ ಮಂಡಳಿ, ಅಂದರೆ ಆಸ್ಕಿ, 2023ರಲ್ಲೇ ಇದಕ್ಕೆ ಮಾರ್ಗಸೂಚಿ ತಂದಿದೆ. ಸಂತ್ರಸ್ತರ, ಅದರಲ್ಲೂ ಮಕ್ಕಳ ಘನತೆಗೆ ಕುಂದು ತರುವ ಚಿತ್ರ ಸಲ್ಲದು. ಕೊಡದವರಲ್ಲಿ ತಪ್ಪಿತಸ್ಥ ಭಾವ ಹುಟ್ಟಿಸಬಾರದು. ಚಿತ್ರವನ್ನು ಮಸುಕಾಗಿಸಿ, ಬಯಸಿ ಒತ್ತಿದವರಿಗಷ್ಟೇ ತೋರಿಸಬಹುದು. ಆದರೆ ಆಸ್ಕಿ ಉದ್ಯಮದವರೇ ಕಟ್ಟಿಕೊಂಡ ಸ್ವನಿಯಂತ್ರಣ ಸಂಸ್ಥೆ, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಹಾಗಾಗಿ ಜಾಹೀರಾತಿನ ಹಣ ಪಡೆಯುವ ಜಾಲತಾಣವೂ ಹೊಣೆ ಹೊರಬೇಕು.

‘ಕಣ್ಣೀರು ತರಿಸದಿದ್ದರೆ ಯಾರು ಕೊಡುತ್ತಾರೆ?’ ಎಂಬ ವಾದ ಉಡುಪಿಯವರಿಗಂತೂ ಒಪ್ಪಿಗೆಯಾಗದು. ಕಟ್ಟಡ ಕೆಲಸದ ಕಾರ್ಮಿಕ ರವಿ ಕಟಪಾಡಿಯವರು ಕೃಷ್ಣಾಷ್ಟಮಿ, ಅದರ ಮರುದಿನದ ವಿಟ್ಲಪಿಂಡಿ ಉತ್ಸವದ ಹೊತ್ತಿಗೆ ಗಂಟೆಗಟ್ಟಲೆ ಕೂತು ಬಣ್ಣ ಬಳಿಸಿಕೊಂಡು, ಭಯಂಕರ ವೇಷ ತೊಟ್ಟು ಮಕ್ಕಳ ಚಿಕಿತ್ಸೆಗೆ ಲಕ್ಷಗಟ್ಟಲೆ ರೂಪಾಯಿ ಕೂಡಿಸಿ ಕೊಟ್ಟಿದ್ದಾರೆ. ಜನ ವೇಷ ನೋಡಲು ನಿಂತರು, ಮನುಷ್ಯನನ್ನು ನಂಬಿ ಕೊಟ್ಟರು. ಜಾಹೀರಾತು ಕೊಡುವವರೂ ಆಸ್ಪತ್ರೆಯ ಅಂದಾಜು ವೆಚ್ಚ, ಹಣ ಸೇರುವ ಖಾತೆ, ಈವರೆಗಿನ ಖರ್ಚು ಇಷ್ಟನ್ನು ತೋರಿಸಲಿ.

ಸದ್ಯಕ್ಕೆ ಜಾಹೀರಾತಿನ ಮೂಲೆಯ ಗುರುತು ಒತ್ತಿ ಅದನ್ನು ಮರೆಮಾಡಿ. ಸ್ಕ್ರೀನ್‌ಶಾಟ್ ಸಮೇತ ಆಸ್ಕಿಗೂ ಜಾಲತಾಣಕ್ಕೂ ದೂರು ಕೊಡಿ.