‘ವಯಸ್ಸಾಯ್ತು ಮೇಡಂ’ ಅನ್ನೋ ರಜೆ ಚೀಟಿ

ಇದು ಒಬ್ಬರ ಕತೆ. ಆದರೆ ಇಂಥವರು ವರ್ಷಕ್ಕೆ ನಾಲ್ಕೈದು ಜನ ಕೌನ್ಸೆಲರ್ ಆದ ನನ್ನ ಹತ್ತಿರ ಬರುತ್ತಾರೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ. ಇವರ ವಿಷಯದಲ್ಲಿ ಮೊದಲ ಎರಡು ಭೇಟಿ ನಾನು ಸುಮ್ನೆ ನಕ್ಕುಕೊಂಡೇ ಕಳೆದೆ.

ವಯಸ್ಸು 48. ಕಚೇರಿ ಕೆಲಸ. ಕಳಿಸಿದವಳು ಕಾಲೇಜಿಗೆ ಹೋಗುವ ಮಗಳು. ‘ಅಪ್ಪ ಯಾವ ಮಾತಿಗೂ ವಯಸ್ಸಾಯ್ತು ಅಂತಾರೆ, ಕೇಳಿ ಕೇಳಿ ಸಾಕಾಗಿದೆ’ ಅಂದಳಂತೆ. ಅವರು ಬರುವಾಗ ಒಂದು ಪಟ್ಟಿಯನ್ನೇ ಹಿಡಿದು ಬಂದಿದ್ದರು. ವಯಸ್ಸಾದ ಲಕ್ಷಣಗಳು, ನಂಬರ್ ಹಾಕಿ.

ಕುರ್ಚಿಯಲ್ಲಿ ಕೂರುವಾಗ ‘ಉಸ್ಸಪ್ಪಾ’, ಏಳುವಾಗ ಇನ್ನೊಂದು ‘ಉಸ್ಸಪ್ಪಾ’. ವಿಳಾಸ ಹುಡುಕುವಾಗ ಕಾರಿನ ಹಾಡಿನ ಸದ್ದು ತಗ್ಗಿಸುವುದು, ಕಿವಿಗೂ ದಾರಿಗೂ ಏನೋ ಸಂಬಂಧ ಇರುವ ಹಾಗೆ. ಶಾಲೆಯ ಗೆಳೆಯನ ಮನೆಯ ಫೋನ್ ನಂಬರ್ ಬಾಯಿಪಾಠ, ಹೆಂಡತಿಯದು ಮಾತ್ರ ಮೊಬೈಲ್ ನೋಡಿ ಹೇಳಬೇಕು. ‘ಹಳೆಯ ಹಾಡುಗಳು’ ಅಂತ ಹಾಕುವ ಕಾರ್ಯಕ್ರಮದಲ್ಲಿ ಬರುವುದೆಲ್ಲ ತಾವು ಕಾಲೇಜಿನಲ್ಲಿ ಹೊಸದಾಗಿ ಕೇಳಿದ್ದು. ಕ್ಯಾಸೆಟ್ಟಿನ ಟೇಪು ಹೊರಬಂದರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆವು ಅಂತ ಹೇಳಿದಾಗ ಮಗಳು ಕೇಳಿದಳಂತೆ: ‘ಪೆನ್ಸಿಲ್ ಯಾಕಪ್ಪ, ಬರೆಯೋದಕ್ಕಾ?’

ನಾನು ನಕ್ಕೆ. ನನ್ನ ಕಾಲವೂ ಅದೇ ಅಲ್ವಾ. ಮೂರನೇ ಭೇಟಿಯಲ್ಲಿ ಅವರು 14ನೇ ನಂಬರ್ ಓದುತ್ತಿದ್ದಾಗ ನಗು ಬರಲಿಲ್ಲ. ಹಿಂದಿನ ರಾತ್ರಿ ನನ್ನ ಟಿಪ್ಪಣಿ ಓದಿದಾಗ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಕಚೇರಿಯ ಹೊಸ ಸಾಫ್ಟ್‌ವೇರ್ ತರಬೇತಿಗೆ ಅವರು ಹೋಗಿರಲಿಲ್ಲ. ಕಾರಣ: ವಯಸ್ಸಾಯ್ತು. ಗೆಳೆಯರ ಜೊತೆ ಚಾರಣ ಬಿಟ್ಟಿದ್ದರು. ವಯಸ್ಸಾಯ್ತು. ರಾತ್ರಿ ಗಾಡಿ ಓಡಿಸುವುದನ್ನೂ ಬಿಟ್ಟಿದ್ದರು. ಅದಕ್ಕೂ ಅದೇ. ಜೋಕು ರಜೆ ಚೀಟಿಯಾಗಿತ್ತು.

‘ಈ ಮಾತನ್ನ ಮೊದಲ ಸಲ ಎಲ್ಲಿ ಹೇಳಿದಿರಿ?’ ಅಂತ ಕೇಳಿದೆ.

ಅವರು ಪಟ್ಟಿ ಮಡಿಸಿದರು. ತುಂಬಾ ಹೊತ್ತು ಮಾತಾಡಲಿಲ್ಲ. ಎರಡು ವರ್ಷದ ಹಿಂದೆ ಒಂದು ಮೀಟಿಂಗ್. ಕೈಗೆ ಕೊಟ್ಟ ಹಾಳೆಯ ಅಕ್ಷರ ಕಾಣದೆ ಕೈಯನ್ನು ದೂರ ಚಾಚಿದ್ದರು. ಎದುರಿಗಿದ್ದ ಹೊಸ ಹುಡುಗರಿಬ್ಬರು ಮುಖ ಮುಖ ನೋಡಿಕೊಂಡರು. ‘ಏನೂ ಅನ್ನಲಿಲ್ಲ ಮೇಡಂ. ಆದರೆ ಅನ್ನಬಹುದು ಅನ್ನಿಸ್ತು. ಅದಕ್ಕೇ ನಾನೇ ವಯಸ್ಸಾಯ್ತಪ್ಪಾ ಅಂದೆ. ಎಲ್ಲರೂ ನಕ್ಕರು. ಅವರು ನಗೋ ಮುಂಚೆ ನಾನೇ ನಕ್ಕುಬಿಟ್ಟರೆ ನನಗೆ ತಾಗಲ್ಲ.’

ತಾಗಿತ್ತು. ಆಮೇಲೆ ಅವರ ಕಣ್ಣು ತುಂಬಿದ್ದು ಅದಕ್ಕೇ. ನಾನು ಹೇಳಿದ್ದು ಇಷ್ಟೇ: ‘ಎರಡು ವರ್ಷವಾಯ್ತು, ಆ ಹುಡುಗರು ಅದನ್ನ ಮರೆತಿರುತ್ತಾರೆ. ನೀವು ಮಾತ್ರ ದಿನಾ ಆ ಮೀಟಿಂಗ್ ನಡೆಸ್ತಾ ಇದ್ದೀರಿ.’ ಸ್ವಲ್ಪ ಒರಟಾಯಿತೇನೋ. ನನ್ನ ಸಹೋದ್ಯೋಗಿಯೊಬ್ಬರು ಹಾಗೆಯೇ ಅಂದರು. ಧೈರ್ಯ ತುಂಬಬೇಕಿತ್ತು, ‘ವಯಸ್ಸು ಬರೀ ಸಂಖ್ಯೆ’ ಅನ್ನಬಹುದಿತ್ತು ಅಂತ.

ನಾನು ಅದನ್ನು ಯಾರಿಗೂ ಹೇಳುವುದಿಲ್ಲ, ಯಾಕೆಂದರೆ ಅದು ಸುಳ್ಳು. ನಲವತ್ತು ದಾಟಿದ ಮೇಲೆ ಕಣ್ಣಿನ ಒಳಗಿನ ಮಸೂರ ಗಡುಸಾಗುತ್ತಾ ಹೋಗುತ್ತದೆ. ಹತ್ತಿರದ್ದನ್ನು ನೋಡಲು ಬೇಕಾದಷ್ಟು ಬಾಗುವುದಿಲ್ಲ. ನಮ್ಮ ಹಿರಿಯರು ಅದಕ್ಕೆ ‘ಚಾಳೀಸು’ ಅಂತ ಹೆಸರಿಟ್ಟಿದ್ದೇ ನಲವತ್ತರ ಲೆಕ್ಕದಲ್ಲಿ. ಕಿವಿಯದೂ ಅದೇ ಕತೆ, ವಯಸ್ಸಾದಂತೆ ಮೊದಲು ಕೇಳಿಸದಾಗುವುದು ತೀಕ್ಷ್ಣ ಸ್ವರಗಳು. ಘೋಷಣೆ ಕೂಗಿದರೆ ಮಸೂರ ಕೇಳಿಸಿಕೊಳ್ಳುತ್ತದೆಯೇ? ಕನ್ನಡಕ ಹಾಕಿಕೊಂಡರೆ ಮುಗಿಯಿತು. ಇವರು ಎರಡು ವರ್ಷದಿಂದ ಕನ್ನಡಕದ ಬದಲು ಜೋಕು ಹಾಕಿಕೊಂಡಿದ್ದರು.

ಹಾಗಾಗಿ ಕೊಟ್ಟ ಸಲಹೆ ಹೀಗಿತ್ತು. ಪಟ್ಟಿ ಹರಿಯಬೇಡಿ, ಅದು ಚೆನ್ನಾಗಿದೆ. ಆದರೆ ಅದರಲ್ಲಿ ವೈದ್ಯರಿಗೆ ಹೇಳಬೇಕಾದ್ದು ಯಾವುದು, ಮಗಳಿಗೆ ಹೇಳಬೇಕಾದ್ದು ಯಾವುದು, ಬೇರೆ ಮಾಡಿ. ಕಣ್ಣು, ರಾತ್ರಿಯ ಗಾಡಿ, ಮಂಡಿ, ಇವು ವೈದ್ಯರಿಗೆ. ಕ್ಯಾಸೆಟ್, ಫೋನ್ ನಂಬರ್, ಹಾಡು ಮಗಳಿಗೆ. ಆದರೆ ಒಂದು ಷರತ್ತು: ‘ನಿಮಗೇನು ಗೊತ್ತು’ ಅನ್ನುವ ಬಾಲ ಇರಬಾರದು. ರೂಮಿಗೆ ಹೋಗಿ ಯಾಕೆ ಬಂದೆ ಅಂತ ಮರೆಯುವುದನ್ನು ಸದ್ಯಕ್ಕೆ ಎರಡರಲ್ಲೂ ಹಾಕಬೇಡಿ ಅಂದೆ. 2011ರಲ್ಲಿ ಅಮೆರಿಕದ ನೋಟ್ರ ಡೇಮ್ ವಿಶ್ವವಿದ್ಯಾಲಯದಲ್ಲಿ ಬಾಗಿಲು ದಾಟಿದಾಗ ಮರೆವು ಹೆಚ್ಚುತ್ತದಾ ಅಂತ ಪ್ರಯೋಗ ಮಾಡಿದ್ದರು. ಅಲ್ಲಿ ಮರೆತವರು ಕಾಲೇಜು ವಿದ್ಯಾರ್ಥಿಗಳು. ಇದು ಕೇಳಿ ಅವರಿಗೆ ಸಿಕ್ಕಾಪಟ್ಟೆ ಖುಷಿ. ಮರೆವಿನಿಂದ ದಿನದ ಕೆಲಸವೇ ಕೆಡತೊಡಗಿದರೆ ಮಾತು ಬೇರೆ, ಆಗ ವೈದ್ಯರ ಹತ್ತಿರ ಹೋಗಲೇಬೇಕು. ಅದನ್ನೂ ಹೇಳಿ ಕಳಿಸಿದೆ.

ಹಳೆಯದನ್ನು ನೆನೆಯುವುದೇ ರೋಗ ಅಂತ ಅವರಿಗೆ ಯಾರೋ ಹೇಳಿದ್ದರು. ಒಂದು ಕಾಲಕ್ಕೆ ಹಾಗೆ ತಿಳಿದಿದ್ದೂ ನಿಜ. 1688ರಲ್ಲಿ ಯೋಹಾನೆಸ್ ಹೋಫರ್ ಅನ್ನುವ ಸ್ವಿಸ್ ವೈದ್ಯ ‘ನಾಸ್ಟಾಲ್ಜಿಯಾ’ ಅನ್ನುವ ಪದ ಹುಟ್ಟಿಸಿದ್ದೇ ಒಂದು ಕಾಯಿಲೆಯ ಹೆಸರಾಗಿ. ಊರ ನೆನಪಿನಲ್ಲಿ ಕೊರಗುವವರ ಕಾಯಿಲೆ. ಈಗ ಹಾಗೆ ಯಾರೂ ನೋಡುವುದಿಲ್ಲ. ಹತ್ತರಿಂದ ಮೂವತ್ತರ ನಡುವಿನ ನೆನಪುಗಳು ಉಳಿದ ವಯಸ್ಸಿನವಕ್ಕಿಂತ ಜಾಸ್ತಿ ಗಟ್ಟಿಯಾಗಿ ಉಳಿಯುತ್ತವೆ. ಮೊದಲ ಕೆಲಸ, ಮೊದಲ ಪ್ರೀತಿ, ಮೊದಲ ಸೋಲು ಎಲ್ಲ ಅಲ್ಲೇ ಇರುತ್ತವಲ್ಲ. ಗೆಳೆಯನ ಫೋನ್ ನಂಬರೂ ಅಲ್ಲೇ.

ತರಬೇತಿಗೆ ಮಾತ್ರ ನಾನು ಒತ್ತಾಯ ಮಾಡಿದೆ. ಸಲಹೆಗಾರರು ಒತ್ತಾಯಿಸಬಾರದು ಅಂತಾರೆ, ಗೊತ್ತಿದೆ. ಆದರೆ ಮಿಕ್ಕಿದ್ದೆಲ್ಲ ಕಾಯಬಹುದು, ಕಚೇರಿ ಕಾಯುವುದಿಲ್ಲ. ಅವರು ಹೋದರು. ಪಕ್ಕದಲ್ಲಿ ಕೂತಿದ್ದು ಆ ಮೀಟಿಂಗಿನ ಹುಡುಗರಲ್ಲೊಬ್ಬ. ಆ ದಿನ ನೆನಪಿದೆಯಾ ಅಂತ ಕೇಳಿದರಂತೆ. ಅವನಿಗೆ ನೆನಪಿರಲಿಲ್ಲ.

ಕೊನೆಯ ಭೇಟಿಗೆ ಹೊಸ ಕನ್ನಡಕ ಹಾಕಿಕೊಂಡು ಬಂದರು. ಪಟ್ಟಿಯಲ್ಲಿ ಕೆಲವು ಸಾಲು ಹೊಡೆದು ಹಾಕಿದ್ದರು. ಕೆಳಗೆ ಹೊಸದೊಂದು ಸೇರಿತ್ತು, ನಗುತ್ತಾ ಓದಿದರು: ‘ಡಾಕ್ಟರು, ಕೌನ್ಸೆಲರು ಎಲ್ಲ ನನಗಿಂತ ಚಿಕ್ಕವರಾಗಿ ಕಾಣುವುದು.’

ನಾನು ಅವರಿಗಿಂತ ಮೂರು ವರ್ಷ ದೊಡ್ಡವಳು. ತಿದ್ದಲು ಹೋಗಲಿಲ್ಲ.