ಬೂಷ್ಟು ಎ4 ಹಾಳೆಗಿಂತ ದೊಡ್ಡದಿದೆಯಾ?

"ಅಕ್ಕಾರ, ಒಂದು ಮಾತು ಕೇಳಬೇಕಿತ್ತು" ಅಂತ ಶುರು ಮಾಡಿದ್ದೀರಿ. ಈ ‘ಅಕ್ಕಾರ’ ಕೇಳಿ ಎಷ್ಟು ವರ್ಷವಾಗಿತ್ತೋ! ನಾನು ತಿಪಟೂರಿನವಳು, ನಮ್ಮ ಕಡೆ ಬರೀ ಅಕ್ಕ. ದೇವದುರ್ಗದವರ ಬಾಯಲ್ಲಿ ಕೇಳಿದರೆ ಒಂದು ಕೈ ಜಾಸ್ತಿಯೇ ಮರ್ಯಾದೆ ಸಿಕ್ಕ ಹಾಗಾಯ್ತು.

ನಿಮ್ಮ ಪ್ರಶ್ನೆ ಇಷ್ಟು. ವೆಲಿಂಗ್ಟನ್‌ನಲ್ಲಿ ಕೆಲಸ ಸಿಕ್ಕಿದೆ. ಆಸ್ಟ್ರೇಲಿಯಾಕ್ಕೆ ಹೋಲಿಸಿದರೆ ನ್ಯೂಜಿಲೆಂಡ್‌ನಲ್ಲಿ ತಲಾ ಆದಾಯ ಕಡಿಮೆ, ಸಂಬಳವೂ ಕಡಿಮೆ. ಆದರೆ ಸುಖವಾಗಿರೋ ದೇಶಗಳ ಪಟ್ಟಿಯಲ್ಲಿ ಇದು ಯಾವಾಗಲೂ ಮೇಲಿರುತ್ತೆ. ಯಾವ ಲೆಕ್ಕ ನಂಬಬೇಕು? ಹೆಂಡತಿ ಮತ್ತು ಮೂರು ವರ್ಷದ ಮಗಳನ್ನು ಕರೆದುಕೊಂಡು ಬರಬಹುದಾ? ಕೊನೆಗೆ, ಜೋಳದ ಹಿಟ್ಟು ಸಿಗುತ್ತಾ?

ಹಿಟ್ಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಪಟ್ಟಿ. 2025ರ ವಿಶ್ವ ಸಂತೋಷ ವರದಿಯಲ್ಲಿ ಆಸ್ಟ್ರೇಲಿಯಾ 11ನೇದು, ನ್ಯೂಜಿಲೆಂಡ್ 12ನೇದು. ಹಾಗಾಗಿ ನಿಮ್ಮ ತಕರಾರು ಅದರಿಂದ ಬಗೆಹರಿಯುವುದಿಲ್ಲ. ಅದನ್ನು ಮಾಡುವ ರೀತಿಯೂ ಸರಳ. ಒಂದೊಂದು ದೇಶದಲ್ಲಿ ವರ್ಷಕ್ಕೆ ಸುಮಾರು ಸಾವಿರ ಜನರನ್ನು ಕೇಳುತ್ತಾರೆ: ಒಂದು ಏಣಿ ಇದೆ ಅಂದುಕೊಳ್ಳಿ, ಕೆಳಗೆ ಸೊನ್ನೆ, ಮೇಲೆ ಹತ್ತು, ನೀವು ಯಾವ ಮೆಟ್ಟಿಲ ಮೇಲೆ ನಿಂತಿದ್ದೀರಿ? ಮೂರು ವರ್ಷದ ಉತ್ತರಗಳ ಸರಾಸರಿ ತೆಗೆದರೆ ಪಟ್ಟಿ ರೆಡಿ. ಸುಳ್ಳೇನಲ್ಲ. ಆದರೆ ಸರಾಸರಿಯೊಳಗೆ ಯಾರಿಗೂ ಬಾಡಿಗೆ ಮನೆ ಸಿಗಲ್ಲ, ಅಲ್ವಾ?

ಮನೆ ಅಂದೆನಲ್ಲ, ಅಲ್ಲಿಂದಲೇ ಹೇಳುತ್ತೇನೆ. ನಾವು ಬಂದಿದ್ದು 2009ರ ಮೇ ತಿಂಗಳಲ್ಲಿ. ಅಂದರೆ ಇಲ್ಲಿ ಚಳಿಗಾಲದ ಬಾಗಿಲಿಗೆ. ವೆಲಿಂಗ್ಟನ್ ಪಕ್ಕದ ಲೋವರ್ ಹಟ್‌ನಲ್ಲಿ ಒಂದು ಮರದ ಮನೆ ಬಾಡಿಗೆಗೆ ಸಿಕ್ಕಿತು. ಹೊರಗಡೆ ಎಂಟು ಡಿಗ್ರಿ ಇದ್ದರೆ ಒಳಗೆ ಹತ್ತು. ಬೆಳಿಗ್ಗೆ ಎದ್ದರೆ ಕಿಟಕಿ ಗಾಜಿನ ಒಳಮೈ ಮೇಲೆಲ್ಲಾ ನೀರು, ಹಳೇ ಟವೆಲ್ಲಿನಲ್ಲಿ ಒರೆಸಿ ಬಕೆಟ್ಟಿಗೆ ಹಿಂಡುತ್ತಿದ್ದೆ. ಬೀರು ಸರಿಸಿದರೆ ಹಿಂದೆ ಕಪ್ಪು ಬೂಷ್ಟು. ಮನೆ ಮಾಲೀಕನಿಗೆ ಹೇಳಿದರೆ "ಕಿಟಕಿ ತೆಗೆದಿಡಿ" ಅಂದ. ಚಳಿಗೆ ಕಿಟಕಿ ತೆಗೆಯಬೇಕಂತೆ! ಮಗನಿಗೆ ಆಗ ಎರಡು ವರ್ಷ. ಜುಲೈ ಬರುವಷ್ಟರಲ್ಲಿ ಅವನ ಕೆಮ್ಮು ಗಡಿಯಾರದ ಹಾಗೆ ರಾತ್ರಿ ಎರಡಕ್ಕೆ ಶುರುವಾಗುತ್ತಿತ್ತು. ಡಾಕ್ಟರ ಹತ್ತಿರ ಓಡಾಟ, ಔಷಧಿ. ಆಮೇಲೆ ಗಾಳಿಯಿಂದ ತೇವ ಎಳೆಯುವ ಡಿಹ್ಯುಮಿಡಿಫೈಯರ್ ಅನ್ನೋ ಮಿಷನ್ ಕೊಂಡೆವು. ದಿನಕ್ಕೆ ಎರಡು ಲೀಟರ್ ನೀರು ಅದರ ತೊಟ್ಟಿಯಲ್ಲಿ ತುಂಬುತ್ತಿತ್ತು. ಕರೆಂಟ್ ಬಿಲ್ಲು ನೋಡಿ ನಮ್ಮವರು ಊಟ ಬಿಟ್ಟು ಎದ್ದಿದ್ದರು.

ಈಗ ಇದನ್ನು ನಿಮ್ಮ ತಲಾ ಆದಾಯದ ಹಿಂದಿರೋ ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪನ್ನದ ಲೆಕ್ಕದ ಕಣ್ಣಲ್ಲಿ ನೋಡಿ. ಆ ಮಿಷನ್ನು, ಕರೆಂಟು, ಔಷಧಿ, ಡಾಕ್ಟರು, ಎಲ್ಲ ಸೇರಿ ದೇಶದ ಉತ್ಪನ್ನಕ್ಕೆ ನಾವು ಒಳ್ಳೇ ಕಾಣಿಕೆ ಕೊಟ್ಟೆವು. ಮನೆ ಒಣಗಿದ್ದು ಮಗು ನಿದ್ದೆ ಮಾಡಿದ್ದರೆ ಆ ಲೆಕ್ಕಕ್ಕೆ ಬರೀ ನಷ್ಟ. 2011ರ ಫೆಬ್ರವರಿ 22ರಂದು ಕ್ರೈಸ್ಟ್‌ಚರ್ಚ್‌ನಲ್ಲಿ ಭೂಕಂಪವಾಗಿ 185 ಜನ ಸತ್ತರು. ಊರಿನ ನಡುಭಾಗವೇ ಹೋಯಿತು. ಆಮೇಲಿನ ವರ್ಷಗಳಲ್ಲಿ ಮನೆ, ರಸ್ತೆ, ಚರಂಡಿ ಮತ್ತೆ ಕಟ್ಟಿದ್ದೆಲ್ಲ ಬೆಳವಣಿಗೆಯ ಲೆಕ್ಕಕ್ಕೆ ಬಂತು. ಬಿದ್ದ ಮನೆಗಳನ್ನು ಯಾರೂ ಕಳೆಯಲಿಲ್ಲ. ಆ ಲೆಕ್ಕದಲ್ಲಿ ಕಳೆಯುವ ಕಾಲಮ್ಮೇ ಇಲ್ಲ.

ಆದರೆ ಈ ದೇಶದ ಬಗ್ಗೆ ನನಗೆ ಗೌರವ ಬಂದಿದ್ದೂ ಬೂಷ್ಟಿನಿಂದಲೇ. 2018ರ ಮಾರ್ಚ್‌ನಲ್ಲಿ ಜನಗಣತಿ. ಆಗ ನಾವು ಹಳೇದೊಂದು ಸ್ವಂತ ಮನೆ ಕೊಂಡಿದ್ದೆವು. ಫಾರಂ ಆನ್‌ಲೈನ್‌ನಲ್ಲಿ ತುಂಬುತ್ತಾ ಕೂತಿದ್ದೇನೆ: ವಯಸ್ಸು, ಧರ್ಮ, ಭಾಷೆ, ಕೆಲಸ. ಇದ್ದಕ್ಕಿದ್ದ ಹಾಗೆ ಒಂದು ಪ್ರಶ್ನೆ. ಮನೆಯಲ್ಲಿ ತೇವ ಇದೆಯಾ? ಗೋಡೆ, ಸೂರಿನ ಮೇಲೆ ಎ4 ಹಾಳೆಗಿಂತ ದೊಡ್ಡ ಬೂಷ್ಟು ಇದೆಯಾ? ಯಾವಾಗಲೂ, ಕೆಲವೊಮ್ಮೆ, ಇಲ್ಲ. ನಮ್ಮವರು ನಿಯತ್ತಿನ ಮನುಷ್ಯ. ಪ್ರಿಂಟರಿನಿಂದ ಒಂದು ಹಾಳೆ ಎಳೆದುಕೊಂಡು ಹಿಂದಿನ ರೂಮಿಗೆ ಹೋಗಿ ಮೂಲೆಗೆ ಹಿಡಿದೇ ನೋಡಿದರು. "ಎರಡು ಬೆರಳು ಜಾಸ್ತಿ ಇದೆ ಕಣೇ, ‘ಕೆಲವೊಮ್ಮೆ’ ಅಂತ ಒತ್ತು" ಅಂದರು. ದೇಶಕ್ಕೆ ದೇಶವೇ ಒಂದು ಹಾಳೆ ಹಿಡಿದು ಗೋಡೆ ಅಳೆದಿತ್ತು. ಐದರಲ್ಲಿ ಒಂದಕ್ಕಿಂತ ಜಾಸ್ತಿ ಮನೆಗಳಲ್ಲಿ ತೇವ. ಆರರಲ್ಲಿ ಒಂದು ಮನೆಯಲ್ಲಿ ಹಾಳೆಗಿಂತ ದೊಡ್ಡ ಬೂಷ್ಟು. ಶ್ರೀಮಂತ ದೇಶವೊಂದು ಇದನ್ನು ತಾನೇ ಕೇಳಿ, ತಾನೇ ಅಚ್ಚು ಹಾಕಿಸುತ್ತೆ ಅಂದರೆ ಸಣ್ಣ ಮಾತಲ್ಲ.

ಇದರ ಹಿಂದೆ ಒಂದು ಕಥೆ ಇದೆ. 2001ರಲ್ಲಿ ಒಟಾಗೊ ವಿಶ್ವವಿದ್ಯಾಲಯದ ಫಿಲಿಪ್ಪಾ ಹೌಡೆನ್-ಚಾಪ್‌ಮನ್ ಮತ್ತು ಜೊತೆಯವರು 1350 ಮನೆಗಳನ್ನು ಆರಿಸಿಕೊಂಡರು. ಎಲ್ಲ ಮನೆಯಲ್ಲೂ ಒಬ್ಬರಿಗಾದರೂ ಉಸಿರಾಟದ ತೊಂದರೆ. ಅರ್ಧ ಮನೆಗಳ ಸೂರಿಗೂ ನೆಲದಡಿಗೂ ಬೆಚ್ಚಗಿರುವ ಹಾಗೆ ಇನ್ಸುಲೇಷನ್ ಹಾಕಿಸಿದರು, ಉಳಿದರ್ಧಕ್ಕೆ ಆಮೇಲೆ. ಮಲಗುವ ಕೋಣೆಯ ಬಿಸಿ ಏರಿದ್ದು ಬರೀ ಅರ್ಧ ಡಿಗ್ರಿ. ಅಷ್ಟಕ್ಕೇ ಗೊರಗೊರ ಉಸಿರು ಕಡಿಮೆಯಾಯಿತು, ಮಕ್ಕಳು ಶಾಲೆ ತಪ್ಪಿಸುವುದೂ ದೊಡ್ಡವರು ಕೆಲಸಕ್ಕೆ ರಜೆ ಹಾಕುವುದೂ ಕಡಿಮೆಯಾಯಿತು. ಅಂಕಿ ಕೈಗೆ ಬಂದ ಮೇಲೆ ಸರ್ಕಾರಕ್ಕೆ ಸುಮ್ಮನಿರಕ್ಕೆ ಆಗಲಿಲ್ಲ. ಮೊದಲು ಸಹಾಯಧನ, ಆಮೇಲೆ ಬಾಡಿಗೆ ಮನೆಗಳಿಗೆ ಕಾನೂನು. 2025ರ ಜುಲೈ 1ರಿಂದ ಎಲ್ಲ ಬಾಡಿಗೆ ಮನೆಯಲ್ಲೂ ಹಾಲ್ ಅನ್ನು 18 ಡಿಗ್ರಿಗೆ ಬೆಚ್ಚಗೆ ಮಾಡುವ ಹೀಟರ್ ಇರಲೇಬೇಕು.

ನಿಮಗೆ ಇದು ಹೊಸದಲ್ಲ. 2002ರಲ್ಲಿ ನಂಜುಂಡಪ್ಪನವರ ಸಮಿತಿ 35 ಸೂಚಕ ಇಟ್ಟುಕೊಂಡು ಕರ್ನಾಟಕದ 175 ತಾಲೂಕುಗಳನ್ನು ತೂಗಿ, 114 ಹಿಂದುಳಿದಿವೆ ಅಂತ ಹೇಳಿತ್ತಲ್ಲ. ನಿಮ್ಮ ದೇವದುರ್ಗ ಅದರಲ್ಲಿ ಅತ್ಯಂತ ಹಿಂದುಳಿದ ಸಾಲಿನಲ್ಲಿತ್ತು. ಅಳೆದ ಮೇಲೆ ಏನಾಯ್ತು, ಏನಾಗಲಿಲ್ಲ ಅನ್ನೋದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಇಲ್ಲೂ ಹಾಗೇ. ಜಸಿಂಡಾ ಆರ್ಡರ್ನ್ ಪ್ರಧಾನಿಯಾಗಿದ್ದಾಗ, 2019ರಲ್ಲಿ, ವೆಲ್‌ಬೀಯಿಂಗ್ ಬಜೆಟ್ ಅಂತ ತಂದರು. ಇಲಾಖೆಗಳು ಹಣ ಕೇಳುವಾಗ ಅದರಿಂದ ಜನರ ಬಾಳು ಹೇಗೆ ಹಸನಾಗುತ್ತೆ ಅಂತ ತೋರಿಸಬೇಕಿತ್ತು. ಮಾನಸಿಕ ಆರೋಗ್ಯಕ್ಕೇ 190 ಕೋಟಿ ಡಾಲರ್. ಜಗತ್ತೆಲ್ಲ ಚಪ್ಪಾಳೆ ತಟ್ಟಿತು. ಸರ್ಕಾರ ಬದಲಾಯಿತು. 2025ರ ಬಜೆಟ್ಟಿನ ಹೆಸರು ‘ಗ್ರೋತ್ ಬಜೆಟ್’, ಅಂದರೆ ಬೆಳವಣಿಗೆಯ ಬಜೆಟ್. ಅಲ್ಲಿಗೆ ಬಂತು ನೋಡಿ. ನನ್ನನ್ನು ಕೇಳಿದರೆ ಮೊದಲನೆಯದರಲ್ಲಿ ಮಾತು ಜಾಸ್ತಿಯಾಯಿತು, ಎರಡನೆಯದರಲ್ಲಿ ನೆನಪು ಕಡಿಮೆಯಾಯಿತು. ಆದರೆ 2018ರ ಮಕ್ಕಳ ಬಡತನದ ಕಾನೂನು ಉಳಿದಿದೆ. ಅದರ ಒಂದು ಅಳತೆ ಸಂಬಳವನ್ನು ಕೇಳೋದೇ ಇಲ್ಲ. ಗಟ್ಟಿ ಇರೋ ಎರಡು ಜೊತೆ ಶೂ ಇದೆಯಾ, ದುಡ್ಡಿಲ್ಲ ಅಂತ ಡಾಕ್ಟರ ಹತ್ತಿರ ಹೋಗೋದು ಮುಂದೆ ಹಾಕಿದಿರಾ, ಚಳಿ ಸಹಿಸಿಕೊಂಡಿದ್ದಿರಾ, ಹೀಗೆ 17 ಪ್ರಶ್ನೆ. ಆರು ಅಥವಾ ಅದಕ್ಕಿಂತ ಜಾಸ್ತಿ ಕೊರತೆ ಇದ್ದರೆ ಕಷ್ಟದ ಮನೆ ಅಂತ ಲೆಕ್ಕ. ಸುಮಾರು ಏಳೆಂಟು ಮಕ್ಕಳಲ್ಲಿ ಒಂದು ಅಂಥ ಮನೆಯಲ್ಲಿದೆ. ಇನ್ನೊಂದು: ಇಲ್ಲಿನ ಮೂಲ ಜನ ಮಾವೋರಿಗಳು ಬೇರೆಯವರಿಗಿಂತ ಸರಾಸರಿ ಏಳು ವರ್ಷ ಕಡಿಮೆ ಬದುಕುತ್ತಾರೆ. ಸಂತೋಷದ ಪಟ್ಟಿಯ 12ನೇ ಸ್ಥಾನದ ಕೆಳಗೆ ಇದೆಲ್ಲ ಮುಚ್ಚಿಹೋಗಿರುತ್ತೆ.

ಕೆಲವು ವರ್ಷದ ಹಿಂದೆ ಸಾಮಾಜಿಕ ಸಮೀಕ್ಷೆಯವರು ನಮ್ಮ ಮನೆಗೇ ಬಂದಿದ್ದರು. ಮನೆಯಲ್ಲಿ ಒಬ್ಬರನ್ನು ಆರಿಸುತ್ತಾರೆ, ಆ ಸಲ ನಾನು. ಅತ್ತೆ ಊರಿಂದ ಬಂದಿದ್ದರು, ಪಕ್ಕದಲ್ಲಿ ಅವರೆಕಾಳು ಹಿಸುಕುತ್ತಾ ಕೂತಿದ್ದರು. ಫ್ರೀಜರಿನ ಅವರೆಕಾಳು, ಆದರೂ ಹಿಸುಕುವ ಸುಖ ಬೇಕಲ್ಲ. ಬಂದಾಕೆ ಕೇಳಿದಳು: ಒಟ್ಟಾರೆ ನಿಮ್ಮ ಜೀವನದ ಬಗ್ಗೆ ಸೊನ್ನೆಯಿಂದ ಹತ್ತರಲ್ಲಿ ಎಷ್ಟು ತೃಪ್ತಿ? ಎಂಟು ಅಂದೆ. ಅತ್ತೆಗೆ ಕನ್ನಡದಲ್ಲಿ ಹೇಳಿದೆ. "ಬದುಕಿಗೂ ಮಾರ್ಕ್ಸಾ! ಪಾಸಾಗಕ್ಕೆ ಎಷ್ಟು ಬೇಕಂತೆ ಕೇಳು" ಅಂದರು. ನಾನು ನಕ್ಕಿದ್ದು ನೋಡಿ ಅವಳೂ ನಕ್ಕಳು.

ಆಮೇಲೆ ಬಂದ ಪ್ರಶ್ನೆಗೆ ನಗಕ್ಕೆ ಆಗಲಿಲ್ಲ. ಈ ದೇಶದಲ್ಲಿ ನೀವು ನೀವಾಗಿಯೇ ಇರೋದು ಸುಲಭವಾ, ಕಷ್ಟವಾ? ನನ್ನ ಹೆಸರಿನ ಕೊನೆಯ ಎರಡಕ್ಷರ ಇಲ್ಲಿ ಬಂದ ಮೊದಲ ವಾರವೇ ಬಿದ್ದುಹೋಗಿದ್ದವು, ಆಫೀಸಿನಲ್ಲಿ ಕರೆಯಲು ಸಲೀಸಾಗಲಿ ಅಂತ ನಾನೇ ಬಿಟ್ಟುಕೊಟ್ಟಿದ್ದೆ. ಕೆಟ್ಟದಾಗಿ ಯಾರೂ ನಡೆಸಿಕೊಂಡಿಲ್ಲ. ಬಸ್ಸಿಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುವ ಊರು ಇದು. ಆದರೂ ನಾನು ಉತ್ತರಕ್ಕೆ ತಡವರಿಸಿದೆ. "ಸುಲಭ" ಅಂತ ಹೇಳಿದೆ, ‘ಬಹಳ ಸುಲಭ’ ಅಂತಲೂ ಇತ್ತು. ನೀವು ಎರಡು ದೇಶ ತೂಗುವಾಗ ಈ ಪ್ರಶ್ನೆಯನ್ನು ಹೆಂಡತಿಯ ಪರವಾಗಿಯೂ ಕೇಳಿಕೊಳ್ಳಿ. ನಿಮಗಾದರೆ ಆಫೀಸಿದೆ.

ಹೆಂಡತಿ ವಿಷಯ ಬಂತಲ್ಲ. ಮೊದಲ ನಾಲ್ಕು ವರ್ಷ ನಾನು ಕೆಲಸಕ್ಕೆ ಹೋಗಲಿಲ್ಲ. ಅಂದರೆ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಕೆಲಸ ಮಾಡಿದೆ, ಜಿಡಿಪಿಗೆ ಗೊತ್ತಾಗಲಿಲ್ಲ. ಈ ಮಾತನ್ನು ಜಗತ್ತಿಗೆ ಗಟ್ಟಿಯಾಗಿ ಕೇಳಿಸಿದವರಲ್ಲಿ ಇಲ್ಲಿಯವರೇ ಆದ ಮೆರಿಲಿನ್ ವೇರಿಂಗ್ ಒಬ್ಬರು. 1975ರಲ್ಲಿ, 23ನೇ ವಯಸ್ಸಿಗೇ ಸಂಸತ್ತಿಗೆ ಹೋದವರು. ಸಾರ್ವಜನಿಕ ವೆಚ್ಚ ಸಮಿತಿಯ ಅಧ್ಯಕ್ಷೆಯಾಗಿ ಕೂತು ದೇಶದ ಲೆಕ್ಕ ನೋಡಿದಾಗ ಮನೆಗೆಲಸಕ್ಕೆ ಅಲ್ಲಿ ಜಾಗವೇ ಇಲ್ಲ ಅನ್ನೋದು ಅವರ ಕಣ್ಣಿಗೆ ಬಿತ್ತು. ಆಮೇಲೆ ಇಲ್ಲಿನ ಸರ್ಕಾರದವರು ಜನರ ದಿನಚರಿ ಬರೆಸಿ ಎರಡು ಸಲ ಲೆಕ್ಕ ಹಾಕಿದರು. 2009–10ರ ಸಮೀಕ್ಷೆಯಲ್ಲಿ ಹೆಂಗಸರು ಮಾಡೋ ಒಟ್ಟು ಕೆಲಸದ ಶೇ 65 ಭಾಗಕ್ಕೆ ಸಂಬಳವಿಲ್ಲ, ಗಂಡಸರ ಕೆಲಸದ ಶೇ 63ಕ್ಕೆ ಸಂಬಳವಿದೆ. ನಮ್ಮ ಭಾರತದಲ್ಲೂ 2019ರಲ್ಲಿ ಅಳೆದರು: ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97. ಇಲ್ಲಿ ಕೆಲಸದವರು, ಅಮ್ಮ, ಅತ್ತೆ ಯಾರೂ ಇರಲ್ಲ. ಆ 299 ಇಲ್ಲಿ ಏರುತ್ತೆಯೇ ಹೊರತು ಇಳಿಯಲ್ಲ.

ಸಂಬಳದ ಹೋಲಿಕೆಯಲ್ಲಿ ಕಾಣದ್ದು ಇನ್ನೂ ಒಂದು. ನಮ್ಮವರು ಒಮ್ಮೆ ಒದ್ದೆ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ಯಾರ ತಪ್ಪು ಅಂತ ಯಾರೂ ಕೇಳಲಿಲ್ಲ. ಎಸಿಸಿ ಅನ್ನೋ ಅಪಘಾತ ವಿಮೆ 1974ರಿಂದ ಇದೆ. ಚಿಕಿತ್ಸೆಯ ಜೊತೆಗೆ, ಮೊದಲ ವಾರ ಬಿಟ್ಟು ಸಂಬಳದ ಶೇ 80 ಬಂತು. ಅದರ ಬದಲಿಗೆ, ಪೆಟ್ಟಾಯಿತು ಅಂತ ಪರಿಹಾರಕ್ಕೆ ಕೋರ್ಟಿಗೆ ಹೋಗಕ್ಕೆ ಆಗಲ್ಲ. ಹಾಗಂತ ಆಸ್ಟ್ರೇಲಿಯಾ ಬೇಡ ಅಂತ ನಾನು ಹೇಳಲ್ಲ. ಇಲ್ಲಿಯವರೇ ವರ್ಷಕ್ಕೆ ಹತ್ತಾರು ಸಾವಿರ ಜನ ಅಲ್ಲಿಗೆ ಗಂಟುಮೂಟೆ ಕಟ್ಟುತ್ತಾರೆ. ಸಾಲವಿದೆ, ಐದು ವರ್ಷದಲ್ಲಿ ದುಡ್ಡು ಮಾಡಿಕೊಂಡು ತಿರುಗಿ ಹೋಗಬೇಕು ಅನ್ನೋದಾದರೆ ಅಲ್ಲಿಗೇ ನೋಡಿ. ಮಗಳು ಇಲ್ಲೇ ಬೆಳೆಯಲಿ, ಸಂಜೆ ಆರಕ್ಕೆ ಮನೆ ಸೇರಬೇಕು ಅನ್ನೋದಾದರೆ ಇಲ್ಲಿ ಬನ್ನಿ.

ಬರೋದಾದರೆ ಜೂನ್-ಜುಲೈ ಬೇಡ, ನವೆಂಬರಿಗೆ ಬನ್ನಿ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. ನಾಲ್ಕು ವಾರದ ಬಾಡಿಗೆಗಿಂತ ಜಾಸ್ತಿ ಬಾಂಡ್ ಕೇಳುವ ಹಾಗಿಲ್ಲ, ಆ ದುಡ್ಡೂ ಸರ್ಕಾರದ ಹತ್ತಿರ ಇರುತ್ತೆ. ಕರಾರಿನಲ್ಲಿ, ಆಗಲೇ ಹೇಳಿದ ಬಾಡಿಗೆ ಮನೆ ಕಾನೂನಿನ ‘ಹೆಲ್ತಿ ಹೋಮ್ಸ್’ ಹೇಳಿಕೆ ಇರಲೇಬೇಕು, ಓದಿಯೇ ಸಹಿ ಹಾಕಿ. ಮನೆ ನೋಡಕ್ಕೆ ಮಳೆ ಬಂದ ದಿನ ಹೋಗಿ. ಹೊಸ ಪೇಂಟ್ ವಾಸನೆ ಬಂದರೆ ಖುಷಿಪಡಬೇಡಿ. ಬೀರು ಇದ್ದರೆ ಸರಿಸಿ, ಹಿಂದಿನ ಗೋಡೆ ನೋಡಿ.

ಜೋಳದ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತೆ. ಊರಿನ ಬಿಳಿಜೋಳದ ರುಚಿ ಇರಲ್ಲ, ರೊಟ್ಟಿ ಬಿರಿದು ಬೀಳುತ್ತೆ, ಕುದಿಯೋ ನೀರಲ್ಲೇ ಕಲಸಬೇಕು. ರೊಟ್ಟಿ ಬಡಿಯಕ್ಕೆ ಬರದಿದ್ದರೆ ಹೊರಡೋ ಮುಂಚೆ ನಿಮ್ಮ ಅವ್ವನ ಹತ್ತಿರ ಕಲಿತುಕೊಂಡು ಬನ್ನಿ. ನಿಮಗೇ ಹೇಳ್ತಿರೋದು, ನಿಮ್ಮ ಹೆಂಡತಿಗಲ್ಲ.